ಕತ್ತಲ ಕರಡಿಗೆ ಬೆಳಕಿನ ಚಿಕಿತ್ಸೆ

"ಕತ್ತಲೆಯನ್ನು ನನಗೆ ಬಿಟ್ಟುಬಿಡಿ! ನನ್ನ ತಲೆಗೂದಲು ಉದುರಿದ್ದೇ ಕತ್ತಲೆಯಲ್ಲಿ!"

ಹೀಗೆಂದು ಎಕ್ಸ್‌ರೇ ಯಜಮಾನರು ಎದೆ ತಟ್ಟಿಕೊಂಡರು. ತಟ್ಟಿಕೊಂಡ ಕೈಯಲ್ಲಿ ಚಹಾದ ಲೋಟವಿತ್ತೆಂಬುದು ಅವರಿಗೆ ಮರೆತೇಹೋಗಿತ್ತು. ಅಂಗಿಯ ಮೇಲೆ ಬಿಸಿ ಚಹಾ ಇಳಿಯುತ್ತಿದ್ದರೂ ಅವರು ಕದಲಲಿಲ್ಲ. ಶಪಥ ಮಾಡುವ ಗಂಡಸು ನಡುವೆ ಅಂಗಿ ಒರೆಸಿಕೊಳ್ಳುತ್ತಾ ನಿಂತರೆ ಆ ಶಪಥಕ್ಕೆ ಏನು ಮರ್ಯಾದೆ ಉಳಿಯುತ್ತದೆ, ನೀವೇ ಹೇಳಿ!

ಊಟದ ಮೇಜಿನ ಮೇಲೆ ಅವರ ಲ್ಯಾಪ್‌ಟಾಪ್ ಬಾಯಿ ತೆರೆದು, ಆದರೆ ಸದ್ದಿಲ್ಲದೆ ಕೂತಿತ್ತು. ಅದರೊಳಗೆ ಅವರು ಕಾಡಿಗೆ ಹೋಗಿ ಹಿಡಿದು ತಂದ ವಿಡಿಯೋಗಳಿದ್ದವು. ಎದುರಿಗೆ ಅವರ ಹೆಂಡತಿ, ಪಕ್ಕದಲ್ಲಿ ಕಪ್ಪು ಕನ್ನಡಕದ ಅತ್ತೆ. ಇಬ್ಬರೂ ಬಹಳ ಹೊತ್ತಿನಿಂದ ಕುತ್ತಿಗೆ ಉದ್ದ ಮಾಡಿ ನೋಡಿ ನೋಡಿ ಸೋತಿದ್ದರು.

"ಇದು ಕರಡಿ," ಎಂದರು ಯಜಮಾನರು, ಪರದೆಯ ಮೇಲೆ ಬೆರಳಿಟ್ಟು.

"ಎಲ್ಲಿ?" ಎಂದಳು ಹೆಂಡತಿ.

"ಇಲ್ಲೇ ಕಣೇ! ಈ ಕಪ್ಪಗೆ ಕಾಣ್ತಿದೆಯಲ್ಲ, ಇದು."

"ಪೂರ್ತಿ ಕಪ್ಪಗೇ ಕಾಣ್ತಿದೆಯಲ್ಲ ರೀ. ಅಷ್ಟು ದೊಡ್ಡ ಕರಡಿನಾ?"

"ಹಾಗಲ್ಲ! ಈ ಕಡೆಯ ಕಪ್ಪು ಪೊದೆ. ಈ ಕಡೆಯ ಕಪ್ಪು ನೀರು. ನಡುವಿನ ಕಪ್ಪು ಕರಡಿ!"

ಅತ್ತೆ ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. "ಅಳಿಯಂದಿರೇ, ನಾವು ಆ ಕಾಡಿನಲ್ಲಿ ಕೂತಿದ್ದಾಗ ನನ್ನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಗಲೂ ನನಗೆ ಹೀಗೇ ಕಂಡಿತ್ತು. ಈಗ ಆಪರೇಷನ್ ಆಗಿದೆ. ಆದರೂ ಹೀಗೇ ಕಾಣ್ತಿದೆ. ಕಣ್ಣಿನ ಡಾಕ್ಟರಮ್ಮನನ್ನ ಕೇಳಬೇಕೋ, ನಿಮ್ಮನ್ನ ಕೇಳಬೇಕೋ ಗೊತ್ತಾಗ್ತಿಲ್ಲ."

ಈ ಮಾತಿಗೇ ಯಜಮಾನರು ಎದೆ ತಟ್ಟಿಕೊಂಡದ್ದು, ಚಹಾ ಚೆಲ್ಲಿದ್ದು, ಶಪಥ ಮಾಡಿದ್ದು. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಎಡಿಟಿಂಗ್ ಸಾಫ್ಟ್‌ವೇರ್ ಇಳಿಸಿಕೊಂಡು, ಈ ಕತ್ತಲೆಯ ಹೊಟ್ಟೆಯೊಳಗಿಂದ ಕರಡಿಯನ್ನು ಹೊರಗೆಳೆದು, ಆಸ್ಪತ್ರೆಯ ವಾರ್ಷಿಕ ಸಮಾರಂಭದಲ್ಲಿ ದೊಡ್ಡ ಪರದೆಯ ಮೇಲೆ ಮೆರೆಸುವುದೆಂದು!

ಯಜಮಾನರು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವರು. ಡಿಜಿಟಲ್ ಯಂತ್ರ ಬರುವ ಮೊದಲು, ಕತ್ತಲೆ ಕೋಣೆಯಲ್ಲಿ ಕೆಂಪು ದೀಪ ಹಾಕಿಕೊಂಡು ಫಿಲ್ಮು ತೊಳೆದ ಕಾಲದವರು. ಆಸ್ಪತ್ರೆಯವರೆಲ್ಲ ಅವರನ್ನು 'ಎಕ್ಸ್‌ರೇ ಯಜಮಾನರು' ಎಂದೇ ಕರೆಯುತ್ತಾರೆ. ಅವರ ಕೋಣೆಗೆ ಕಿಟಕಿಯಿಲ್ಲ. ಗೋಡೆಗೆ ಸೀಸದ ತಗಡು, ಬಾಗಿಲಿಗೂ ಸೀಸದ ತಗಡು. ಹೊರಗೆ ಬಿಸಿಲೋ ಮಳೆಯೋ ಎಂಬುದು ಅವರಿಗೆ ಗೊತ್ತಾಗುವುದು ರೋಗಿಗಳ ಅಂಗಿ ಒಣಗಿದೆಯೋ ಒದ್ದೆಯಾಗಿದೆಯೋ ಎಂಬುದರಿಂದ. ಹೀಗೆ ಬದುಕಿದ ಮನುಷ್ಯ ಒಂದು ಸಲ ಕಾಡಿನ ಬೆಳಕು ಕಂಡರೆ ಹುಚ್ಚು ಹಿಡಿಯದೆ ಇರುತ್ತದೆಯೇ? ಅವರಿಗೆ ಹಿಡಿಯಿತು. ಕ್ಯಾಮೆರಾ ಕೊಂಡರು. ಸಮುದ್ರಕ್ಕೆ ಹೋಗೋಣವೆಂದು ಹೆಂಡತಿ ಬಹಳ ದಿನಗಳಿಂದ ಕೇಳುತ್ತಿದ್ದ ರಜೆಯನ್ನು ಕಾಡಿನ ಕಡೆ ತಿರುಗಿಸಿಬಿಟ್ಟರು. ಕಣ್ಣು ಕಾಣದ ಅತ್ತೆಯನ್ನು ಮನೆಯಲ್ಲಿ ಒಬ್ಬರನ್ನೇ ಬಿಡಲಾಗದೆ ಜೊತೆಗೇ ಕರೆದೊಯ್ದರು. ಕೆರೆಯ ದಡದ ಹುಲ್ಲಿನ ಮರೆಯಲ್ಲಿ ಮೂವರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತರು. ಕರಡಿ ಬಂತು, ಮರಿಗಳೂ ಬಂದವು. ಯಜಮಾನರು ಚಿತ್ರ ತೆಗೆದರು. ಎಲ್ಲ ಸರಿಯಾಗಿಯೇ ಇತ್ತು, ಚಿತ್ರವೊಂದನ್ನು ಬಿಟ್ಟು!

ಚಿತ್ರ ಯಾಕೆ ಕಪ್ಪಾಯಿತು ಎಂಬುದನ್ನು ಹೇಳಿಬಿಡುತ್ತೇನೆ. ಇಂಥ ತಪ್ಪು ಮಾಡಲು ಬೇರೆ ಯಾರಿಗೂ ಸಾಧ್ಯವಿಲ್ಲ, ಅದಕ್ಕೆ ತಕ್ಕ ಅನುಭವ ಬೇಕು. ಎಕ್ಸ್‌ರೇ ಫಿಲ್ಮಿಗೆ ಕಿರಣ ಹೆಚ್ಚು ಬಿದ್ದಷ್ಟೂ ಅದು ಕಪ್ಪಾಗುತ್ತದೆ. ಫಿಲ್ಮು ಕಪ್ಪಗೆ ಬಂದರೆ 'ಡೋಸ್ ಜಾಸ್ತಿಯಾಯಿತು' ಎಂದು ಕಡಿಮೆ ಮಾಡುವುದು ಅವರ ಕೈಗೆ ಅಂಟಿದ ಅಭ್ಯಾಸ. ಕಾಡಿನಲ್ಲಿ ಮೊದಲನೆಯ ಚಿತ್ರ ಮರದ ನೆರಳಿಗೆ ಸ್ವಲ್ಪ ಮಬ್ಬಾಗಿ ಬಂತು. "ಡೋಸ್ ಜಾಸ್ತಿಯಾಗಿದೆ!" ಎಂದು ಯಜಮಾನರು ಕ್ಯಾಮೆರಾದ ಬೆಳಕು ಇಳಿಸಿದರು. ಮುಂದಿನದು ಇನ್ನೂ ಕಪ್ಪಾಯಿತು. "ಇನ್ನೂ ಜಾಸ್ತಿಯಿದೆ!" ಎಂದು ಇನ್ನೂ ಇಳಿಸಿದರು. ಕರಡಿ ಬರುವ ಹೊತ್ತಿಗೆ ಕ್ಯಾಮೆರಾದ ಕಣ್ಣು ಹೆಚ್ಚುಕಡಿಮೆ ಮುಚ್ಚಿಯೇಹೋಗಿತ್ತು.

ಈಗ ಮನೆಯ ನ್ಯಾಯಾಲಯದಲ್ಲಿ ಹೆಂಡತಿ ತೀರ್ಪು ಕೊಟ್ಟಳು. ಅವಳು ರೈಲ್ವೆ ಸ್ಟೇಷನ್ನಿನಲ್ಲಿ ರೈಲುಗಳ ಪ್ರಕಟಣೆ ಕೊಡುವವಳು. ಊರಿನ ಜನರೆಲ್ಲ ಅವಳ ದನಿ ಕೇಳಿಯೇ ಓಡುವವರು, ನಿಲ್ಲುವವರು, ಪ್ಲಾಟ್‌ಫಾರ್ಮು ಬದಲಾಯಿಸುವವರು. ಮನೆಯಲ್ಲಿ ಮಾತ್ರ ಆ ದನಿಗೆ ಕದಲದ ಒಂದು ಗಾಡಿ ಇತ್ತು.

"ನೋಡಿ, ಒಂದು ಮಾತು. ಸಮಾರಂಭದಲ್ಲಿ ನಿಮ್ಮ ಸಿನಿಮಾ ನೋಡಿ ಜನ ಮನಸಾರೆ ಚಪ್ಪಾಳೆ ತಟ್ಟಿದ್ರೆ, ಮುಂದಿನ ರಜೆಗೂ ಕಾಡು. ನಾನು ತುಟಿ ಪಿಟಕ್ಕನ್ನಲ್ಲ. ಇಲ್ಲದಿದ್ರೆ ಸಮುದ್ರ. ಆ ಕ್ಯಾಮೆರಾ ಅಟ್ಟಕ್ಕೆ!"

"ಅಟ್ಟಕ್ಕೆ?"

"ಅಟ್ಟಕ್ಕೆ. ಹಳೆ ಮಿಕ್ಸಿ ಪಕ್ಕ."

ಮುಂದಿನ ಬೆಳಗುಗಳೆಲ್ಲ ಮತ್ತೆ ಸೀಸದ ಗೋಡೆಯೊಳಗೇ ಕಳೆಯಬೇಕೆಂಬುದನ್ನು ನೆನೆದೇ ಯಜಮಾನರಿಗೆ ನಿಜವಾಗಿಯೂ ಸಂಕಟವಾಯಿತು. ಆದರೂ ಮೀಸೆಯ ಮೇಲೆ ಕೈಯಾಡಿಸಿ, "ಒಪ್ಪಿದೆ!" ಎಂದರು. ಆಮೇಲೆ ಅಂಗಿ ಬದಲಾಯಿಸಲು ಹೋದರು.

ಮಾರನೆಯ ದಿನದಿಂದ ಮಲಗುವ ಕೋಣೆ ಯುದ್ಧಭೂಮಿಯಾಯಿತು. ಸಾಫ್ಟ್‌ವೇರ್ ಪುಕ್ಕಟೆಯಾಗಿ ಬಂತು. ಬುದ್ಧಿ ಮಾತ್ರ ಅದರ ಜೊತೆಗೆ ಬರಲಿಲ್ಲ. ಪರದೆಯ ತುಂಬ ಗುಂಡಿಗಳು, ಅಡ್ಡಡ್ಡ ಎಳೆಯುವ ಕಡ್ಡಿಗಳು, ಒಂದಕ್ಕೊಂದು ಸಂಬಂಧವಿಲ್ಲದ ಹೆಸರುಗಳು. ಯಜಮಾನರು ಮೊದಲು 'ಬ್ರೈಟ್‌ನೆಸ್' ಎಂಬ ಕಡ್ಡಿಯನ್ನು ಹಿಡಿದು ಎಳೆದರು. ಕಪ್ಪಿದ್ದದ್ದೆಲ್ಲ ಬೂದಿಯಾಯಿತು. ಕರಡಿಯೂ ಬೂದಿ, ಕೆರೆಯೂ ಬೂದಿ.

"ಏನು ರೀ, ಕಾಡಿಗೆ ಬೆಂಕಿ ಬಿತ್ತಾ?" ಎಂದಳು ಹೆಂಡತಿ, ಬಾಗಿಲಲ್ಲಿ ನಿಂತು.

"ನೀನು ಹೋಗು. ಆಪರೇಷನ್ ನಡೀತಿದೆ."

ಆಮೇಲೆ 'ಗಾಮಾ' ಎಂಬುದನ್ನು ತಿರುಗಿಸಿದರು. ಬೂದಿ ಹೋಗಿ ಕಾಳು ಕಾಳಾಯಿತು. ಕರಡಿಯ ಮೈಮೇಲೆ ಸಾವಿರಾರು ಇರುವೆ ಮುತ್ತಿದ ಹಾಗೆ ಚುಕ್ಕೆಗಳು ಕುಣಿಯತೊಡಗಿದವು. ಚುಕ್ಕೆ ತೆಗೆಯುವ ಗುಂಡಿ ಒತ್ತಿದರು. ಚುಕ್ಕೆಯೊಂದಿಗೆ ಕರಡಿಯ ಕೂದಲೂ ಹೋಗಿ, ಬಳಸಿ ಸವೆದ ಸೋಪಿನ ತುಂಡಿನಂಥ ಪ್ರಾಣಿಯೊಂದು ನೀರಿನ ಪಕ್ಕ ನಿಂತಿತು. ಬಣ್ಣ ಸರಿಮಾಡುವ ಗುಂಡಿ ಒತ್ತಿದರು. ಸೋಪು ಹಸಿರಾಯಿತು!

ಅತ್ತೆ ಬಂದು ನೋಡಿ, "ಮೊಸಳೆ ಚೆನ್ನಾಗಿ ಬಂದಿದೆ," ಎಂದು ಹೇಳಿ ಹೋದರು.

ಯಜಮಾನರು ಸೋಲುವ ಜಾತಿಯವರಲ್ಲ. ಇಂಟರ್ನೆಟ್ಟಿನಲ್ಲಿ ಪಾಠ ಹೇಳಿಕೊಡುವ ಒಬ್ಬ ತರುಣನನ್ನು ಹುಡುಕಿ ಗುರುವಾಗಿ ಸ್ವೀಕರಿಸಿದರು. ಆಸ್ಪತ್ರೆಯಲ್ಲಿ ಕೆಲಸದ ನಡುವೆ ಫೋನಿಗೆ ವೈರು ಸಿಕ್ಕಿಸಿ ಕಿವಿಗಿಟ್ಟುಕೊಂಡು ಪಾಠ ಕೇಳಿದರು. ಗುರು ಒಳ್ಳೆಯದನ್ನೇ ಹೇಳಿದ. ಇಡೀ ಚಿತ್ರವನ್ನು ಒಟ್ಟಿಗೆ ಬೆಳಗಿಸಬೇಡಿ, ನೆರಳನ್ನಷ್ಟೇ ಮೇಲೆತ್ತಿ, ಕಪ್ಪನ್ನು ಕಪ್ಪಾಗಿಯೇ ಬಿಡಿ ಎಂದ. ಇದೆಲ್ಲ ಯಜಮಾನರ ತಲೆಗೆ ಇಳಿಯಿತು. ಆದರೆ ಕೊನೆಯಲ್ಲಿ ಅವನು ಇನ್ನೊಂದು ಮಾತು ಹೇಳಿದ: ಕಣ್ಣನ್ನು ನಂಬಬೇಡಿ, ಪರದೆಯ ಮೂಲೆಯಲ್ಲಿರುವ ಗ್ರಾಫ್ ನೋಡಿ, ಅದರ ಗುಡ್ಡ ಬಲಗಡೆಯ ಗೋಡೆಗೆ ಹೋಗಿ ಅಪ್ಪಳಿಸಿದರೆ ಚಿತ್ರ ಬೆಳ್ಳಗೆ ಸುಟ್ಟುಹೋಯಿತೆಂದೇ ಅರ್ಥ.

"ಗ್ರಾಫ್ ನೋಡೋದು ಹೃದಯದ ವಿಭಾಗದವರು," ಎಂದು ಯಜಮಾನರು ಮೂಗು ಮುರಿದರು. "ಎಕ್ಸ್‌ರೇ ವಿಭಾಗದಲ್ಲಿ ನಾವು ಕಣ್ಣಲ್ಲೇ ನೋಡೋದು!"

ಕಣ್ಣಲ್ಲೇ ನೋಡಿದರು ನಿಜ. ನೋಡಿದ್ದು ಹೇಗೆ ಎಂಬುದನ್ನೂ ನಿಮಗೆ ಹೇಳಬೇಕು. ಅವರಿಗೆ ಮಾತ್ರ ಹೇಳಬೇಡಿ. ಎಕ್ಸ್‌ರೇ ನೋಡುವವನ ಕಣ್ಣು ಕತ್ತಲೆಗೆ ಪಳಗಿದಷ್ಟೂ ಸೂಕ್ಷ್ಮ ಎಂಬುದು ಅವರ ಸಿದ್ಧಾಂತ. ಆದ್ದರಿಂದ ಕಿಟಕಿಗೆ ಪರದೆ ಎಳೆದು, ಬಾಗಿಲ ಸಂದಿಗೆ ಟವೆಲು ತುರುಕಿ, ಲ್ಯಾಪ್‌ಟಾಪಿನ ಬೆಳಕನ್ನು ಇಳಿಸಬಹುದಾದ ಕೊನೆಯ ಮಟ್ಟಕ್ಕೆ ಇಳಿಸಿ ಕೂತಿದ್ದರು. ಆ ಮಂಕು ಪರದೆಯಲ್ಲಿ ಕರಡಿ ಸರಿಯಾಗಿ ಕಾಣಬೇಕಾದರೆ ಚಿತ್ರಕ್ಕೆ ಎಷ್ಟು ಬೆಳಕು ಸುರಿಯಬೇಕು? ಅವರು ಸುರಿದರು. ಸಾಲದೆಂದು ಮತ್ತೆ ಸುರಿದರು. ಮೂಲೆಯ ಗ್ರಾಫಿನ ಗುಡ್ಡ ಬಲಗಡೆಯ ಗೋಡೆಗೆ ಹಣೆ ಚಚ್ಚಿಕೊಂಡು ಬಿದ್ದಿತ್ತು. ಯಜಮಾನರು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ.

ನಡುನಡುವೆ ಸಾಫ್ಟ್‌ವೇರ್ ಸ್ತಬ್ಧವಾಗುತ್ತಿತ್ತು. ಯಜಮಾನರು ಅದರ ಎದುರು ಕೈಕಟ್ಟಿ ಕೂರುತ್ತಿದ್ದರು. ಊಟದ ಮನೆಯಿಂದ ಪ್ರಕಟಣೆ ತೇಲಿಬರುತ್ತಿತ್ತು.

"ಪ್ರಯಾಣಿಕರ ಗಮನಕ್ಕೆ! ಮಲಗುವ ಕೋಣೆಯಿಂದ ಊಟದ ಮೇಜಿಗೆ ಬರಬೇಕಾಗಿದ್ದ ಯಜಮಾನರು ಅನಿರ್ದಿಷ್ಟ ಕಾಲ ತಡವಾಗಿ ಬರಲಿದ್ದಾರೆ. ಊಟ ತಣ್ಣಗಾದರೆ ಆಡಳಿತ ಜವಾಬ್ದಾರಿಯಲ್ಲ!"

"ಬಂದೆ ಕಣೇ! ಕರಡಿಯ ಕಿವಿ ಕಾಣೋಕೆ ಶುರುವಾಗಿದೆ!"

"ಕರಡಿಗಾದರೂ ಕಿವಿ ಇದೆಯಲ್ಲ, ಪುಣ್ಯ!"

ಕೊನೆಗೊಂದು ಮಧ್ಯಾಹ್ನ ಆ ಘಳಿಗೆ ಬಂತು. ಯಜಮಾನರು ನೆರಳಿನ ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸಿದರು. ಕತ್ತಲೆಯ ನಡುವಿನಿಂದ ಕರಡಿ ಎದ್ದು ಬಂತು! ಮೂತಿ, ಎದೆಯ ಮೇಲಿನ ತೆಳು ಬಣ್ಣದ ಪಟ್ಟೆ, ಒದ್ದೆ ಪಾದ, ಹೊಟ್ಟೆಯ ಕೆಳಗೆ ನುಗ್ಗುವ ಮರಿ, ಅದರ ಹಿಂದೆ ಇನ್ನೊಂದು ಮರಿ. ಯಜಮಾನರು ಎಷ್ಟು ಜನರ ಮುರಿದ ಮೂಳೆ, ಕಫ ಕಟ್ಟಿದ ಎದೆ, ನುಂಗಿದ ನಾಣ್ಯ ಎಲ್ಲವನ್ನೂ ಕತ್ತಲೆಯಿಂದ ಹೊರಗೆ ತಂದಿದ್ದರು. ನೋಡಿ ಸಂತೋಷಪಡುವಂಥದ್ದೊಂದನ್ನು ತಂದದ್ದು ಇದೇ ಮೊದಲು. ಅವರು ಕಣ್ಣೊರೆಸಿಕೊಂಡರು. ಆಮೇಲೆ ಕೂಗಿದರು:

"ಅತ್ತೇ! ಬನ್ನಿ, ಬನ್ನಿ!"

ಹೆಂಡತಿ ಸ್ಟೇಷನ್ನಿಗೆ ಹೋಗಿದ್ದಳು. ಅತ್ತೆ ಟವೆಲು ದಾಟಿ ಬಂದು, ಕಪ್ಪು ಕನ್ನಡಕ ತೆಗೆದು, ಪರದೆಗೆ ಮೂಗು ತಾಗಿಸಿ ನೋಡಿದರು.

"ಕರಡಿ ಹೌದು! ಮರಿಗಳೂ ಇವೆ! ಅಳಿಯಂದಿರೇ, ನೀವು ಸಾಮಾನ್ಯರಲ್ಲ!"

ಅತ್ತೆಯ ಬಾಯಿಂದ ಬಂದ ಈ ಸರ್ಟಿಫಿಕೇಟಿಗೆ ಯಜಮಾನರು ಒಂದು ಅಡಿ ಎತ್ತರವಾದರು. ಚಿತ್ರಕ್ಕೆ 'ವನಸಾಮ್ರಾಜ್ಯದಲ್ಲಿ ಒಂದು ಕರಡಿ ಸಂಸಾರ' ಎಂದು ಹೆಸರಿಟ್ಟು ಹಳದಿ ಅಕ್ಷರದಲ್ಲಿ ಬರೆದರು. ಚಿತ್ರ ಓಡುವಾಗ ತಾವೇ ಮೈಕಿನ ಮುಂದೆ ನಿಂತು ವಿವರಣೆ ಕೊಡುವುದೆಂದು ನಿರ್ಧರಿಸಿ, ಕನ್ನಡಿಯೆದುರು ಗಂಭೀರ ದನಿಯಲ್ಲಿ ಅಭ್ಯಾಸ ಮಾಡಿದರು. "ಪ್ರಕೃತಿಯ ಮಡಿಲಲ್ಲಿ… ನೋಡಿ ಈ ಮಾತೃವಾತ್ಸಲ್ಯ…" ಆಸ್ಪತ್ರೆಯಲ್ಲಂತೂ ಪ್ರಚಾರ ಜೋರಾಗಿ ನಡೆಯಿತು. ಎಕ್ಸ್‌ರೇಗೆ ಬಂದವರಿಗೆಲ್ಲ, "ಉಸಿರು ಎಳ್ಕೊಳ್ಳಿ… ಹಿಡ್ಕೊಳ್ಳಿ… ಕರಡಿ ನೋಡೋಕೆ ಬನ್ನಿ… ಬಿಡಿ!" ಎಂದು ಆಹ್ವಾನ ಹೋಯಿತು. ಉಸಿರು ಹಿಡಿದವರು ಬರುವುದಿಲ್ಲ ಎನ್ನುವುದಾದರೂ ಹೇಗೆ!

ಸಮಾರಂಭದ ಸಂಜೆ ಆಸ್ಪತ್ರೆಯ ಸಭಾಂಗಣ ಕಿಕ್ಕಿರಿದಿತ್ತು. ನರ್ಸುಗಳು, ಡಾಕ್ಟರುಗಳು, ಅವರ ಮನೆಮಂದಿ, ಪ್ಲಾಸ್ಟರ್ ಕಟ್ಟಿದ ಕಾಲು ಚಾಚಿಕೊಂಡ ಕೆಲವು ರೋಗಿಗಳು. ಮುಂದಿನ ಸಾಲಿನಲ್ಲಿ ದೊಡ್ಡ ಡಾಕ್ಟರು. ಅವರ ಪಕ್ಕದಲ್ಲಿ ಅತ್ತೆಗೆ ಆಪರೇಷನ್ ಮಾಡಿದ ಕಣ್ಣಿನ ಡಾಕ್ಟರಮ್ಮ. ಹಿಂದಿನ ಸಾಲಿನಲ್ಲಿ ಹೆಂಡತಿ ಮತ್ತು ಅತ್ತೆ. ಪ್ರೊಜೆಕ್ಟರಿನ ಪಕ್ಕದಲ್ಲಿ, ಚಿತ್ರವನ್ನು ಆಸ್ಪತ್ರೆಯ ಕಂಪ್ಯೂಟರಿಗೆ ಹಾಕಿಕೊಂಡು ಕೂತ ಎಲೆಕ್ಟ್ರಿಷಿಯನ್. ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೈಕ್ ಹಿಡಿದರು.

ದೀಪ ಆರಿತು. ಹಳದಿ ಅಕ್ಷರಗಳು ಮೂಡಿದವು. ಜನ ಚಪ್ಪಾಳೆ ತಟ್ಟಿದರು. ಅಕ್ಷರಗಳು ಮರೆಯಾದವು.

ಪರದೆ ಝಗ್ಗೆಂದು ಬೆಳ್ಳಗಾಯಿತು! ಎಂಥ ಬಿಳುಪು! ಜಾಹೀರಾತಿನ ಸೋಪುಪುಡಿಗಳೂ ನಾಚಬೇಕು. ಕೆರೆಯಿಲ್ಲ, ಪೊದೆಯಿಲ್ಲ, ಕರಡಿಯಿಲ್ಲ. ಪ್ಲಾಸ್ಟರ್ ಕಾಲಿನವರು ಕೈ ಅಡ್ಡ ಹಿಡಿದು ಕಣ್ಣು ಮುಚ್ಚಿಕೊಂಡರು.

"ಈಗ ನೀವು ನೋಡುತ್ತಿರುವುದು…" ಎಂದು ಶುರುಮಾಡಿದ ಯಜಮಾನರು ತಿರುಗಿ ನೋಡಿದರು.

"ಏನು ನೋಡ್ತಿರೋದು ಸಾರ್?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಹಿಮಕರಡಿ ಇರಬೇಕು! ಹಿಮದಲ್ಲಿ ನಿಂತಿದೆ, ಅದಕ್ಕೇ ಕಾಣ್ತಿಲ್ಲ!" ಎಂದು ಇನ್ನೊಬ್ಬರು ಉತ್ತರ ಕೊಟ್ಟರು.

ದೊಡ್ಡ ಡಾಕ್ಟರು ಕತ್ತು ತಿರುಗಿಸಿದರು. "ಏನ್ರೀ ಇದು? ನಮ್ಮ ರೋಗಿಗಳ ಎಕ್ಸ್‌ರೇನೂ ಹೀಗೇ ತೆಗೀತಿದ್ದೀರಾ?"

ಅಷ್ಟರಲ್ಲಿ ಸಭಾಂಗಣವೇ ನಡುಗುವಂಥ ಒಂದು ಚೀತ್ಕಾರ ಕೇಳಿಸಿತು.

"ಅಯ್ಯಯ್ಯೋ! ನನ್ನ ಕಣ್ಣು ಹೋಯ್ತು! ಮನೇಲಿ ಕರಡಿ ಕಾಣ್ತಿತ್ತು, ಈಗ ಏನೂ ಕಾಣ್ತಿಲ್ಲ! ಡಾಕ್ಟರಮ್ಮಾ!"

ಅತ್ತೆ ಎದ್ದು ನಿಂತು ಗಾಳಿಯಲ್ಲಿ ತಡಕಾಡುತ್ತಿದ್ದರು. ಕಣ್ಣಿನ ಡಾಕ್ಟರಮ್ಮ ಕುರ್ಚಿ ಹಾರಿ ಓಡಿಬಂದು ಅವರ ಮುಖದೆದುರು ಬೆರಳು ಹಿಡಿದರು.

"ಎಷ್ಟು ಬೆರಳಿದೆ ಹೇಳಿ!"

"ಮೂರು."

"ಇದು?"

"ಹೆಬ್ಬೆಟ್ಟು. ಉಗುರು ತೆಗೀಬೇಕು."

"ನಿಮ್ಮ ಕಣ್ಣು ಸರಿಯಾಗಿದೆ ಅಮ್ಮಾ! ಹೋಗಿರೋದು ನಿಮ್ಮ ಅಳಿಯಂದಿರ ಸಿನಿಮಾ!"

ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನೆಲ ಬಾಯ್ಬಿಟ್ಟರೆ ಒಳಗೆ ಇಳಿದುಬಿಡಬಹುದಿತ್ತು. ಆಸ್ಪತ್ರೆಯ ನೆಲ ಗಟ್ಟಿಯಾಗಿತ್ತು. ಯಜಮಾನರ ಕಣ್ಣ ಮುಂದೆ ಅಟ್ಟ ಕಂಡಿತು, ಅಟ್ಟದ ಮೇಲೆ ಹಳೆ ಮಿಕ್ಸಿ ಕಂಡಿತು, ಮಿಕ್ಸಿಯ ಪಕ್ಕದಲ್ಲಿ ಧೂಳು ಹಿಡಿದ ಕ್ಯಾಮೆರಾ ಕಂಡಿತು. ಇನ್ನು ತಾನು ಕಾಡಿಗೆ ಹೋದ ಹಾಗೆಯೇ ಎಂದುಕೊಂಡು, ನಿಲ್ಲಿಸಿಬಿಡು ಎಂದು ಎಲೆಕ್ಟ್ರಿಷಿಯನ್ನನಿಗೆ ಕೈಸನ್ನೆ ಮಾಡಲು ಹೊರಟರು.

ಆಗ ಸಭಾಂಗಣದ ದೊಡ್ಡ ಸ್ಪೀಕರುಗಳಿಂದ ಒಂದು ಹೆಂಗಸಿನ ಪಿಸುದನಿ ಬಂತು.

"ಅಮ್ಮಾ, ನನ್ನ ಕೈ ಹಿಡ್ಕೋ. ಎದುರಿಗೇ ಕೆರೆ ಇದೆ. ನೀರು ಅಲ್ಲಾಡ್ತಿಲ್ಲ. ಬಲಗಡೆ ದಡದಲ್ಲಿ ಎರಡು ಜಿಂಕೆ. ಒಂದು ಕುಡೀತಿದೆ, ಇನ್ನೊಂದು ಕಾವಲು ನಿಂತಿದೆ."

ನಗು ನಿಂತಿತು. ಆ ದನಿ ಯಾರದೆಂದು ಊರಿನವರಿಗೆ ಹೇಳಿಕೊಡಬೇಕೆ! "ಸ್ಟೇಷನ್ ಅಕ್ಕ!" ಎಂದು ಒಬ್ಬ ನರ್ಸು ಉಸುರಿದಳು. ಆದರೆ ಪ್ಲಾಟ್‌ಫಾರ್ಮು ಬದಲಾಗಿದೆ ಎನ್ನುವ ಆ ಗಟ್ಟಿ ದನಿ ಇದಾಗಿರಲಿಲ್ಲ. ಕಣ್ಣು ಕಾಣದ ತಾಯಿಯ ಕಿವಿಗೆ ಬಾಯಿಟ್ಟು, ಇರುವುದನ್ನು ಇದ್ದಹಾಗೆ ಹೇಳುತ್ತಿದ್ದ ಮಗಳ ದನಿ.

"ಈಗ ಎರಡೂ ಒಂದೇ ಕಡೆ ನೋಡ್ತಿವೆ. ಕಿವಿ ನೆಟ್ಟಗಾಗಿದೆ. ಓಡಿದವು!"

"ಯಾಕೆ? ಏನಾಯ್ತು?" ಎಂದು ಸ್ಪೀಕರಿನಲ್ಲಿ ಅತ್ತೆ ಕೇಳಿದರು. ಅದೇ ಹೊತ್ತಿಗೆ ಸಭೆಯಲ್ಲಿ ಪ್ಲಾಸ್ಟರ್ ಕಾಲಿನ ಒಬ್ಬರೂ, "ಏನಾಯ್ತು?" ಎಂದು ಕೇಳಿಬಿಟ್ಟರು.

"ಪೊದೆ ಹತ್ತಿರ ಕಪ್ಪಗೆ ಏನೋ ಇದೆ. ನಾನು ಬಂಡೆ ಅಂದ್ಕೊಂಡಿದ್ದೆ. ಅಮ್ಮಾ… ಬಂಡೆ ಎದ್ದು ನಿಂತಿತು!"

ಸಭೆಗೆ ಸಭೆಯೇ ಉಸಿರು ಹಿಡಿಯಿತು. ಯಜಮಾನರು ಹೇಳದೆ!

"ಕರಡಿ! ಎದೆ ಮೇಲೆ ಪಟ್ಟೆ ಇದೆ. ಹಿಂದೆ ಎರಡು ಮರಿ. ಒಂದು ನೀರಿಗೆ ಕಾಲಿಟ್ಟು ಹೆದರಿ ತಾಯಿ ಹೊಟ್ಟೆ ಕೆಳಗೆ ನುಗ್ತು. ಇನ್ನೊಂದು ಅದರ ಬೆನ್ನು ಹತ್ತೋಕೆ ನೋಡ್ತಿದೆ. ಹತ್ತು… ಹತ್ತು… ಜಾರಿ ಬಿತ್ತು!"

ಜನ ಕಣ್ಣು ಮುಚ್ಚಿಕೊಂಡು ನಗುತ್ತಿದ್ದರು. ಅಷ್ಟೊಂದು ಬಿಳುಪನ್ನು ಕಣ್ಣು ತೆರೆದು ನೋಡಲು ಆಗುತ್ತಲೂ ಇರಲಿಲ್ಲ. ಮುಚ್ಚಿಕೊಂಡರೆ ಕರಡಿ ಸ್ಪಷ್ಟವಾಗಿ ಕಾಣುತ್ತಿತ್ತು.

"ತಾಯಿ ಎಷ್ಟು ದೊಡ್ಡದಿದೆ?" ಎಂದು ಸ್ಪೀಕರಿನ ಅತ್ತೆ ಕೇಳಿದರು.

"ನಿನ್ನ ಅಳಿಯನಷ್ಟು. ತಲೇಲಿ ಕೂದಲು ಮಾತ್ರ ಜಾಸ್ತಿ."

"ಅಳಿಯಂದಿರು ಚಿತ್ರ ತೆಗೀತಿದ್ದಾರಾ?"

"ತೆಗೀತಿದ್ದಾರೆ. ಏನೋ ತಿರುಗಿಸ್ತಾ, 'ಡೋಸ್ ಜಾಸ್ತಿ, ಡೋಸ್ ಜಾಸ್ತಿ' ಅಂತ ಗೊಣಗ್ತಿದ್ದಾರೆ."

ಸಾಲಿನಲ್ಲಿದ್ದ ಡಾಕ್ಟರುಗಳು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ದೊಡ್ಡ ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಯಜಮಾನರು ಮೈಕಿನ ಕಂಬದ ಹಿಂದೆ ಅಡಗಿಕೊಳ್ಳಲು ನೋಡಿದರು, ಕಂಬ ತೆಳ್ಳಗಿತ್ತು. ಅಷ್ಟರಲ್ಲಿ ಸ್ಪೀಕರು ಸಿಡಿಲಿನಂತೆ ಗುಡುಗಿತು. ಅದು ಅವರದೇ ದನಿ!

"ಶ್ಶ್ಶ್! ಇಬ್ಬರೂ ಮಾತಾಡಬೇಡಿ! ಕರಡಿ ಓಡಿಹೋಗುತ್ತೆ!"

ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಹೆಂಡತಿಯ ಪಿಸುದನಿ, ಬಹಳ ಶಾಂತವಾಗಿ:

"ಓಡಿಹೋಯ್ತು ಅಮ್ಮಾ. ನಮ್ಮ ಮಾತಿಗಲ್ಲ."

ಚಿತ್ರ ಮುಗಿಯಿತು. ಚಪ್ಪಾಳೆಗೆ ಸೂರು ಹಾರಿಹೋಗುವುದೊಂದು ಬಾಕಿ! ಪ್ಲಾಸ್ಟರ್ ಕಾಲಿನವರು ಊರುಗೋಲುಗಳನ್ನು ಒಂದಕ್ಕೊಂದು ಬಡಿದರು. "ಇನ್ನೊಂದು ಸಲ! ಇನ್ನೊಂದು ಸಲ!" ಎಂಬ ಕೂಗೆದ್ದಿತು. ಎಲೆಕ್ಟ್ರಿಷಿಯನ್ ಇನ್ನೊಂದು ಸಲ ಹಾಕಿದ. 'ಬಂಡೆ ಎದ್ದು ನಿಂತಿತು' ಎಂಬಲ್ಲಿ ಈಗ ಗೊತ್ತಿದ್ದವರೂ ಬೆಚ್ಚಿಬಿದ್ದರು.

ಆಗಿದ್ದು ಇಷ್ಟೇ. ವಿವರಣೆ ತಾವೇ ಕೊಡುವುದರಿಂದ ಚಿತ್ರಕ್ಕೆ ಸದ್ದು ಬೇಡವೆಂದುಕೊಂಡಿದ್ದ ಯಜಮಾನರು ಧ್ವನಿ ನಿಲ್ಲಿಸಿದ್ದೂ ಹೌದು. ನಿಲ್ಲಿಸಿದ್ದು ಮಾತ್ರ ತಮ್ಮ ಲ್ಯಾಪ್‌ಟಾಪಿನ ಧ್ವನಿಯನ್ನು! ಚಿತ್ರದೊಳಗಿನ ಧ್ವನಿ ಹಾಗೆಯೇ ಇತ್ತು. ತಮ್ಮ ಪೆಟ್ಟಿಗೆಯಲ್ಲಿ ಕಂಡದ್ದೇ ಎಲ್ಲರಿಗೂ ಕಾಣುವ ಚಿತ್ರ, ತಮ್ಮ ಪೆಟ್ಟಿಗೆಯಲ್ಲಿ ಕೇಳಿಸದ್ದು ಲೋಕದಲ್ಲೇ ಇಲ್ಲ ಎಂದು ನಂಬಿದ್ದರು ಪಾಪ.

ದೊಡ್ಡ ಡಾಕ್ಟರು ಎದ್ದು ಬಂದು ಅವರ ಕೈ ಕುಲುಕಿದರು. "ನಾನು ಸುಮ್ಮನೆ ಬೈದುಬಿಟ್ಟೆ ಕಣ್ರೀ. ಪರದೆ ಬೇಕಂತಲೇ ಖಾಲಿ ಬಿಟ್ಟಿದ್ದೀರಿ ಅಂತ ಆಮೇಲೆ ಗೊತ್ತಾಯ್ತು. ಏನು ಕಲ್ಪನೆ! ಏನು ಧೈರ್ಯ!"

ಯಜಮಾನರು ಒಂದು ಕ್ಷಣ ಹೆಂಡತಿಯ ಕಡೆ ನೋಡಿದರು. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಬೆರಳ ಸಂದಿಯಿಂದ ಮಾತ್ರ ಇತ್ತಲೇ ನೋಡುತ್ತಿದ್ದಳು.

"ಹೌದು ಸಾರ್," ಎಂದರು ಯಜಮಾನರು, ಗಂಟಲು ಸರಿಮಾಡಿಕೊಂಡು. "ತುಂಬ ಯೋಚನೆ ಮಾಡಿಯೇ ಬಿಟ್ಟಿದ್ದು."

ಬೆರಳ ಸಂದಿ ಮುಚ್ಚಿತು. ಭುಜಗಳು ಕುಲುಕತೊಡಗಿದವು.

ಕಣ್ಣಿನ ಡಾಕ್ಟರಮ್ಮನಿಗೆ ಬೇರೆಯೇ ಯೋಚನೆ ಬಂದಿತ್ತು. "ನಮ್ಮ ವಾರ್ಡಿನಲ್ಲಿ ಕಣ್ಣಿಗೆ ಪಟ್ಟಿ ಕಟ್ಕೊಂಡು ಮಲಗಿರೋರಿಗೆ ಹೊತ್ತೇ ಹೋಗಲ್ಲ. ಅವರಿಗೆ ಇದಕ್ಕಿಂತ ಒಳ್ಳೆ ಸಿನಿಮಾ ಎಲ್ಲಿ ಸಿಗುತ್ತೆ? ನನಗೆ ಇದು ಬೇಕು. ಇಂಥವೇ ಇನ್ನೂ ಬೇಕು! ಆನೆ, ನವಿಲು, ಏನು ಸಿಕ್ಕಿದ್ರೂ ಸರಿ!"

ಮನೆಯ ದಾರಿಯುದ್ದಕ್ಕೂ ಯಜಮಾನರ ಕಾಲು ನೆಲದ ಮೇಲಿರಲಿಲ್ಲ. ಎದುರಾದವರೆಲ್ಲ ನಿಂತು ಮಾತಾಡಿಸಿದರು. ಅವರೆಲ್ಲ ಮಾತಾಡಿಸಿದ್ದು ಹೆಂಡತಿಯನ್ನು ಎಂಬುದನ್ನು ಯಜಮಾನರು ಗಮನಕ್ಕೆ ತಂದುಕೊಳ್ಳಲಿಲ್ಲ. ಅತ್ತೆ ಮಗಳ ಕೈ ಹಿಡಿದು ನಡೆಯುತ್ತಿದ್ದರು. ಈಗ ಕಣ್ಣು ಕಾಣುತ್ತಿತ್ತು, ಹಿಡಿಯುವ ಅಗತ್ಯವಿರಲಿಲ್ಲ, ಆದರೂ ಬಿಟ್ಟಿರಲಿಲ್ಲ.

"ನಾನು ಆ ಕರಡೀನ ಅವತ್ತೇ ಚೆನ್ನಾಗಿ ನೋಡಿದ್ದೆ, ಅಳಿಯಂದಿರೇ," ಎಂದರು ಅತ್ತೆ. "ನಿಮಗೆ ಹೇಳೋಕೆ ಸಂಕೋಚ ಆಗಿತ್ತು."

ಮನೆಯ ಬಾಗಿಲು ತೆರೆದು ಒಳಗೆ ಕಾಲಿಟ್ಟದ್ದೇ ತಡ, ಯಜಮಾನರು ನಡುಮನೆಯಲ್ಲಿ ವೀರಭಂಗಿಯಲ್ಲಿ ನಿಂತರು.

"ಏನಂತೀಯ ಈಗ? ಚಪ್ಪಾಳೆ ಕೇಳಿಸ್ತಾ? ಮನಸಾರೆ ತಟ್ಟಿದ್ರೋ ಇಲ್ವೋ?"

"ತಟ್ಟಿದ್ರು," ಎಂದಳು ಹೆಂಡತಿ, ಚಪ್ಪಲಿ ಬಿಡುತ್ತಾ.

"ಹಾಗಾದ್ರೆ ಮುಂದಿನ ರಜೆ?"

"ಕಾಡಿಗೇ. ಮಾತು ಅಂದ್ರೆ ಮಾತು. ಅಲ್ಲದೆ ಸಮುದ್ರದಲ್ಲಿ ಹೇಳೋಕಾದ್ರೂ ಏನಿದೆ? ಅಲೆ ಬಂತು, ಅಲೆ ಹೋಯ್ತು, ಮುಂದಿನ ಅಲೆ ಬರ್ತಾ ಇದೆ. ಸ್ಟೇಷನ್ನಿನಲ್ಲಿ ನಾನು ದಿನಾ ಮಾಡೋದೂ ಅದನ್ನೇ ಅಲ್ವಾ!"

ಯಜಮಾನರು ಕುಣಿದುಬಿಟ್ಟರು! ವಯಸ್ಸು, ಸ್ಥಾನ, ಎದುರಿಗಿದ್ದ ಅತ್ತೆ, ಯಾವುದನ್ನೂ ಲೆಕ್ಕಿಸದೆ ಒಂದು ಸುತ್ತು ಕುಣಿದರು. ಮತ್ತೆ ಆ ಬೆಳಕು, ಮತ್ತೆ ಆ ಕೆರೆ! ಓಡಿಹೋಗಿ ಬೀರುವಿನಿಂದ ಕ್ಯಾಮೆರಾ ತಂದು ಎದೆಗೆ ಅವುಚಿಕೊಂಡರು.

"ಇದನ್ನೂ ತಗೊಂಡು ಹೋಗ್ಬಹುದು ತಾನೇ? ಅಟ್ಟಕ್ಕೆ ಹಾಕ್ಬೇಕಾಗಿಲ್ಲ ತಾನೇ?"

"ಅಯ್ಯೋ, ಖಂಡಿತ ತಗೊಳ್ಳಿ! ಅದಿಲ್ಲದಿದ್ರೆ ಆಗೋದೇ ಇಲ್ಲ," ಎಂದಳು ಹೆಂಡತಿ. ಕ್ಯಾಮೆರಾ ಮನೆಗೆ ಬಂದಂದಿನಿಂದ ಅವಳು ಅದರ ಪರವಾಗಿ ಆಡಿದ ಮೊದಲ ಮಾತು ಅದು. ಯಜಮಾನರ ಕಣ್ಣು ತುಂಬಿಬಂತು.

"ಅದರ ಮೈಕು ತುಂಬ ಚೆನ್ನಾಗಿದೆ," ಎಂದು ಹೆಂಡತಿ ಮಾತು ಮುಗಿಸಿದಳು. "ಲೆನ್ಸಿನ ಮುಚ್ಚಳ ಮಾತ್ರ ತೆಗೀಬೇಡಿ. ಆಮೇಲೆ ಬೆಳಗಿಸೋ ಕೆಲಸವಾದ್ರೂ ತಪ್ಪುತ್ತೆ!"